ಬಿಕ್ಕಲಂ

ಆ ಸಾಲು ನನ್ನ ಕಂಪ್ಯೂಟರಿನ್ಯಾಗ ಮೊದಲೇ ಕುಂತದ.
ಹೆಸರಿನ ಜಾಗ ಖಾಲಿ, ವಯಸ್ಸಿನ ಜಾಗ ಖಾಲಿ,
ಉಳಿದದ್ದೆಲ್ಲ ತುಂಬ್ಯಾದ:
‘ಸ್ವಸಂತೋಷದಿಂದ, ಸ್ವಇಚ್ಛೆಯಿಂದ,
ಯಾರ ಒತ್ತಾಯ, ಆಮಿಷ, ಹೆದರಿಕೆ ಇಲ್ಲದೆ
ಪೂರ್ಣ ಪ್ರಜ್ಞೆಯಲ್ಲಿದ್ದು ಬರೆದುಕೊಟ್ಟ
ಹಕ್ಕು ಬಿಡುಗಡೆ ಪತ್ರ.’
ಯಾದಗಿರಿ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು, ಬೇವಿನ ಗಿಡದ ಕೆಳಗ,
ಬರೋರ ಇಚ್ಛಾ ಅವರು ಬರೂಕಿಂತ ಮುಂಚೆ
ನಾ ಟೈಪ್ ಮಾಡಿ ಇಟ್ಟೀನಿ.

ನಮ್ಮ ಅಜ್ಜ ನಿಜಾಮನ ಕಾಲದಾಗ ಇದನ್ನ
ಉರ್ದುದಾಗ ಬರೀತಿದ್ದ: ಬಿಲಾ ಜಬರ್-ಓ-ಇಕ್ರಾಹ್.
ಜಬರ್ ಅಂದ್ರ ಒತ್ತಾಯ.
ಎಲ್ಲಾ ಮೊದಲೇ ಬರದಿಟ್ಟಾನ ಅನ್ನೋರ ಮಾತಿಗೂ ಅದೇ ಹೆಸರು,
ಅಂತ ಮಸಿ ಒಣಗೂತನ ಹೇಳ್ತಿದ್ದ.
ಬೊರು ಲೆಕ್ಕಣಿಕಿ, ಬಾಗಿದ ಬೆನ್ನು.
ಅಪ್ಪ ಸಾಲನ್ನ ಕನ್ನಡಕ್ಕ ತಂದ, ಬೆನ್ನು ಹಂಗೇ ಬಾಗಿತು.
ನನ್ನ ಕುತ್ತಿಗಿ ಎಲುಬು ಎರಡು ಸವದಾವ;
ಡಾಕ್ಟರ್ ಅಂದ್ರು: ಇದು ಮನಿತನದ್ದು.

ಮೋನಮ್ಮ ಬಂದ್ಲು, ವಯಸ್ಸು ಅಂದಾಜು ಐವತ್ತೆರಡು,
ಟಂಟಂನ ಹಿಂದಿನ ಸೀಟಿನಿಂದ, ಇಬ್ಬರು ತಮ್ಮಂದಿರ ನಡುವಿನಿಂದ ಇಳದು.
ಎರಡೆಕರೆ ಹದಿನಾಲ್ಕು ಗುಂಟೆ, ಭೀಮಾ ದಂಡಿಯ ಎರಿ.
ಓದಿ ಹೇಳಿದೆ. ಓದಿ ಹೇಳಬೇಕು, ಕಾನೂನು ಹಂಗದ.
‘ಸ್ವಇಚ್ಛಾ’ ಬಂದಲ್ಲಿ ಆಕಿ ತಡದ್ಲು:
‘ಅದೇನ್ರಿ ಸಾಹೇಬ್ರ?’
‘ನೀ ಒಪ್ಪೀದಿ ಅಂತ, ಅಕ್ಕ’ ಅಂದ ಸಣ್ಣಾಂವ ಸಾಬಣ್ಣ,
ನಾ ಬಾಯಿ ತೆಗಿಯೂಕಿಂತ ಮೊದಲ.

ಆಕಿ ನಕ್ಕಳು. ತಮ್ಮಗೋ, ನನಗೋ.
‘ಒಪ್ಪೀನಿ ಬಿಡಪ್ಪ. ಯಾರು ನೂಕ್ಯಾರ?
ಪಂಚಮಿಗೆ ಕರೀಲಾಕ ಒಬ್ಬರು ಬರಬೇಕಲ್ಲ ಬಾಗಿಲಿಗೆ.
ಹೊಲ ಬರ್ತದೇನು ಕರೀಲಾಕ?’

ಹೊಲಕ್ಕ ಚೆಕ್ಕುಬಂದಿ ಬರೀತೀನಿ ನಾ:
ಪೂರ್ವಕ್ಕ ಇಂಥವರ ಜಮೀನು, ಪಶ್ಚಿಮಕ್ಕ ಹಳ್ಳ.
ಆಕಿ ಒಪ್ಪಿಗೆಗೆ ಬರಿ ಅಂದ್ರ ಹ್ಯಾಂಗ ಬರೀಲಿ?
ಪೂರ್ವಕ್ಕ ಸತ್ತ ಅಪ್ಪ. ದಕ್ಷಿಣಕ್ಕ
ಮಕ್ಕಳಿಲ್ಲಂತ ಮಾತಾಡೋ ಅತ್ತಿಮನಿ.
ಉತ್ತರಕ್ಕ ವರ್ಷಕ್ಕೊಂದು ಸೀರಿ, ನಾಕು ಉಂಡಿ.
ನಡುವ ಏನರೆ ಉಳೀತದೇನು, ಒಂದರೆ ಗುಂಟೆ,
ಆಕಿದೇ ಅನ್ನೋದು?
ಅಳೀಲಾಕ ಸರಪಳಿ ಇಲ್ಲ ನನ್ನ ಹತ್ರ.

ಪ್ರಿಂಟ್ ಕೊಡಬೇಕು ಅನ್ನೋದರಾಗ ಕರೆಂಟ್ ಹ್ವಾತು.
ಹನ್ನೊಂದು ನಿಮಿಷ.
ಯಾರೂ ನನ್ನ ಕೈ ಹಿಡಿದಿದ್ದಿಲ್ಲ.
‘ಇವತ್ತು ಬ್ಯಾಡ ತಾಯಿ, ನಾಳೆ ಒಬ್ಬಾಕೇ ಬಾ’
ಅನ್ನಲಾಕ ಹನ್ನೊಂದು ನಿಮಿಷ ಭಾಳ ಆತು.
ಚಾ ಕುಡದೆ. ತಮ್ಮಂದಿರೇ ರೊಕ್ಕ ಕೊಟ್ರು.
ನಾ ಬರೀದಿದ್ರ ಬಾಜು ಟೇಬಲ್ಲಿನ ವೀರಭದ್ರಯ್ಯ ಬರೀತಾನ,
ಖರೆ. ಅಂವ ಬಿಟ್ರ ಅಂವನ ಅಳಿಯ, ಅದೂ ಖರೆ.
ಬೇವಿನ ನೆಳ್ಳಾಗ ಖರೆ ಮಾತು ಬೇಕಾದಷ್ಟು ಸಿಗ್ತಾವ,
ಒಂದರ ಮ್ಯಾಲೊಂದು ಇಟ್ಟು ಕುಂದರಬಹುದು.

ಫ್ಯಾನ್ ತಿರುಗಿತು. ಪ್ರಿಂಟ್ ಬಂತು, ಬಿಸಿ ಬಿಸಿ.

ಒಳಗ ಬೆರಳಚ್ಚಿನ ಮಷೀನು ಒಪ್ಪಲಿಲ್ಲ.
ಎಡಗೈ ಹೆಬ್ಬಟ್ಟು, ಮೂರು ಸಲ, ಕೆಂಪು ದೀಪ.
ಹತ್ತಿ ಬಿಡಿಸಿ, ಮೆಣಸಿನಕಾಯಿ ಹರದು, ಸದಿ ತಗದು
ಗೆರಿ ಎಲ್ಲಾ ಸವದು ಹೋಗ್ಯಾವ.
‘ಬರ್ಲಿಲ್ಲ ಅಂದ್ರ ಮುಂದಿನ ವಾರ ನೋಡೂಣು’ ಅಂದ್ರು ಕುರ್ಚಿಯವರು.
ಮೋನಮ್ಮ ತನ್ನ ಹೆಬ್ಬಟ್ಟು ತಾನೇ ನೋಡಿಕೊಂಡ್ಲು,
ಅದು ತನಗ ಕೇಳದೆ ಏನೋ ಅಂದಂಗ.
ದೊಡ್ಡಾಂವ ಹಣಮಂತ ಆಗಲೇ ಬಾಗಿಲ ಕಡೆ ತಿರುಗಿದ್ದ.

ಆಗ ನಾ ಅಂದೆ:
‘ಲಿಂಬಿಹಣ್ಣು ತಿಕ್ಕರಿ. ಒರಸಿ, ಉಸಿರು ಊದಿ ಒತ್ತರಿ. ಬರ್ತದ.’
ನನ್ನ ಡಬ್ಬಿಯಾಗಿಂದು, ಮಧ್ಯಾಹ್ನದ ಊಟಕ್ಕ ಇಟ್ಟದ್ದು,
ಅರ್ಧ ಕೊಯ್ದ ಲಿಂಬಿ.
ಬಂತು. ಹಸಿರು ದೀಪ.

ಪತ್ರದ ಕೊನೀಗೆ ನನ್ನದೊಂದು ಸಾಲು ಇರ್ತದ.
ಕಲಂ ಹೋಗಿ ಕೀಬೋರ್ಡು ಬಂದ್ರೂ ಅದು ಹೋಗಿಲ್ಲ:
ಬಿಕ್ಕಲಂ, ದಸ್ತಗೀರ ಮುನ್ಷಿ, ಯಾದಗಿರಿ.
ಅದರ ಮ್ಯಾಲಿನ ಸಾಲುಗಳಿಗೆ ಅಜ್ಜ ಜವಾಬು ಕೊಟ್ಟಾನು,
ಅಪ್ಪ, ಕಾನೂನು, ಕರೆಂಟು, ಬಾಜು ಟೇಬಲ್ಲು.
ಲಿಂಬಿಹಣ್ಣು ಯಾರೂ ಕೇಳಿದ್ದಿಲ್ಲ.
ಅದು ಯಾವ ನಮೂನೆಯಾಗೂ ಇದ್ದಿಲ್ಲ.

ಸ್ವಸಂತೋಷದಿಂದ,
ಯಾರ ಒತ್ತಾಯ, ಆಮಿಷ, ಹೆದರಿಕೆ ಇಲ್ಲದೆ
ಕೊಟ್ಟೀನಿ.